ಎಲ್ಲದಕ್ಕೂ ‘ಇಲ್ಲ’ ಎಂದವರು

ಕಿವಿಯೊಳಗೆ ಸದಾ ಗುಂಯ್ ಎನ್ನುವ ಸದ್ದು ಒಬ್ಬರನ್ನು ಎಷ್ಟು ಕಾಡುತ್ತದೆ ಎಂದು ಅಳೆಯುವ ಪ್ರಶ್ನಾವಳಿಯನ್ನು ರಷ್ಯನ್ ಮಾತಾಡುವ ರೋಗಿಗಳಿಗೆ ಹೊಂದಿಸುವ ಕೆಲಸ ನಡೆದಿತ್ತು. ಬ್ರಿಸ್ಬೇನಿನ ಫೋರ್ಟಿಟ್ಯೂಡ್ ವ್ಯಾಲಿಯ ಕ್ಲಿನಿಕ್ಕಿನಲ್ಲಿ ನಾನು ಅದರ ಸಹಾಯಕಿ. ನನಗೆ ರಷ್ಯನ್ ಬಾರದು, ಅನುಮಾನಪಡುವುದು ಬರುತ್ತದೆ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಕಲಿತದ್ದು ಅದನ್ನೇ.

ಪ್ರಯೋಗಕ್ಕೆ ಬಂದ ಮುದುಕರೊಬ್ಬರು, ಒಳಗಿನ ಸದ್ದು ಮುಚ್ಚಲೆಂದು, ಪುಟ್ಟ ರೇಡಿಯೊವನ್ನು ಕಿವಿಗೆ ಒತ್ತಿಕೊಂಡೇ ಕೂತಿದ್ದರು. ನಿದ್ದೆ ಕೆಡುತ್ತದೆಯೇ? ಇಲ್ಲ. ಹತಾಶೆ? ಇಲ್ಲ. ಕೊನೆಯವರೆಗೂ ‘ಇಲ್ಲ’. ಅಂಕ ಸೊನ್ನೆ ಬಂದರೆ ಆಪ್ತಸಮಾಲೋಚನೆಯ ಗುಂಪಿನಲ್ಲಿ ಅವರಿಗೆ ಜಾಗವಿಲ್ಲ.

ಅಡಿಲೇಡಿನ ಅನುವಾದಕಿ ಪ್ರಶ್ನೆಗಳನ್ನು ಮೆತ್ತಗೆ ಮಾಡಿರಬೇಕು ಅನ್ನಿಸಿತು. ಫೋನಿನಲ್ಲಿ ಕೇಳಿಯೂಬಿಟ್ಟೆ.

“ನಿಮಗೆ ರಷ್ಯನ್ ಬರುತ್ತಾ?” ಎಂದಳು.

“ಇಲ್ಲ.”

“ತಪ್ಪು ಹುಡುಕೋದು ಮಾತ್ರ ಬರುತ್ತೆ!”

ಅವಳಿಗೆ ಹೇಳದೆ, ಪರ್ತ್ ನಗರದ ಇನ್ನೊಬ್ಬ ಅನುವಾದಕರಿಂದ ಆ ಪ್ರಶ್ನೆಗಳನ್ನು ಮರಳಿ ಇಂಗ್ಲಿಷಿಗೆ ಮಾಡಿಸಿದೆ. ಹತಾಶೆ ಹತಾಶೆಯಾಗಿಯೇ ವಾಪಸು ಬಂತು.

ಆ ಶನಿವಾರ ಸ್ಪ್ರಿಂಗ್‌ಫೀಲ್ಡ್ ಲೇಕ್ಸಿನ ನಮ್ಮ ಮನೆಯಲ್ಲಿ, ಮೈಸೂರಿನಿಂದ ಬಂದಿದ್ದ ಅಪ್ಪ ವೀಸಾ ವಿಸ್ತರಣೆಯ ಆರೋಗ್ಯ ಫಾರ್ಮ್ ತುಂಬುತ್ತಿದ್ದರು.

“ಅಪ್ಪಾ, ಬಿಪಿಗೂ ‘ನೋ’ ಹಾಕಿದ್ದೀರಲ್ಲ! ಬೆಳಿಗ್ಗೆ ತಾನೇ ಮಾತ್ರೆ ನುಂಗಿದ್ರಿ.”

“ನುಂಗಿದ್ಮೇಲೆ ಬಿಪಿ ಎಲ್ಲಿದೆ? ಡಿಬೇಟ್ ಮಾಡ್ಬೇಡ ತಾಯಿ. ಈ ಫಾರ್ಮ್ ಯಾರ್ಯಾರ ಕೈಗೆ ಹೋಗುತ್ತೋ ಯಾರಿಗ್ಗೊತ್ತು?”

ಆ ರೇಡಿಯೊ ನೆನಪಾಯಿತು.

ಮುಂದಿನ ವಾರ ಮುದುಕರನ್ನು ಮತ್ತೆ ಕರೆಸಿ, ಅನುವಾದಕಿಗೆ ಕ್ಷಮೆ ಕೇಳಿ, ಅವಳನ್ನು ಸ್ಪೀಕರಿನಲ್ಲಿಟ್ಟು ಕೇಳಿದೆ: ಈ ಕಾಗದ ಎಲ್ಲಿಗೆ ಹೋಗುತ್ತದೆ ಅಂದುಕೊಂಡಿರಿ?

ಡ್ರೈವಿಂಗ್ ಲೈಸೆನ್ಸ್ ಕೊಡುವವರ ಹತ್ತಿರ, ಎಂದರು. ಹತಾಶೆ ಎಂದು ಬರೆದುಕೊಟ್ಟವನ ಕೈಗೆ ಮತ್ತೆ ಕಾರು ಕೊಡುತ್ತಾರೆಯೇ? ಅವರ ಹಳೆಯ ಊರಿನಲ್ಲಿ ತಮ್ಮನಿಗೆ ಹಾಗೇ ಆಗಿತ್ತಂತೆ.

“ಅಲ್ಲಿಗೆ ಹೋಗಲ್ಲ. ನೋಡೋದು ಡಾಕ್ಟರು, ನಾನು, ಇಬ್ಬರೇ.”

“ಹಾಗಂತ ಬರೆದುಕೊಡಿ ಅಂತಿದಾರೆ,” ಅನುವಾದಕಿ ನಕ್ಕಳು. “ಪರವಾಗಿಲ್ಲ, ಅನುಮಾನದಲ್ಲಿ ನಿಮಗೆ ಸರಿಯಾದ ಜೋಡಿ.”

ಬರೆದೆ. ಡಾಕ್ಟರ ಸಹಿಯನ್ನೂ ಹಾಕಿಸಿದೆ. ಅದರ ಫೋಟೊ ಕಳಿಸಿದಾಗ ಅವಳು ರಷ್ಯನ್‌ನಲ್ಲಿ ಓದಿ ಹೇಳಿದಳು. ಮುದುಕರು ಸಹಿಯ ಶಾಯಿಯನ್ನು ಬೆರಳಿನಿಂದ ಉಜ್ಜಿ ನೋಡಿ, ಕಾಗದವನ್ನು ಜೇಬಿಗೆ ಸೇರಿಸಿ, ರೇಡಿಯೊವನ್ನು ಮೇಜಿನ ಮೇಲಿಟ್ಟು ಪೆನ್ನು ಕೇಳಿದರು. ನನಗೆ ಅತ್ತ ತಿರುಗುವಂತೆ ಸನ್ನೆ ಮಾಡಿದರು.

ಆ ಸಲದ ಅಂಕಕ್ಕೆ ಅವರಿಗೆ ಗುಂಪಿನಲ್ಲಿ ಜಾಗ ಸಿಕ್ಕಿತು. ಕಾಗದ ಎಲ್ಲಿಗೆ ಹೋಗುತ್ತದೆ, ಎಲ್ಲಿಗೆ ಹೋಗುವುದಿಲ್ಲ ಎಂಬ ಮಾತು ಈಗ ರಷ್ಯನ್ ಪ್ರಶ್ನಾವಳಿಯ ಮೊದಲ ಸಾಲು. ಆ ಸಾಲು ಸೇರುವ ಮುಂಚೆ ಬೇರೆ ರೋಗಿಗಳಿಂದ ಬಂದ ‘ಇಲ್ಲ’ಗಳನ್ನು ನಾನಿನ್ನೂ ನಂಬಿಲ್ಲ.