ಅಪ್ಪ ಟೈಪು ಮಾಡಿದ ಸರ್ಟಿಫಿಕೇಟು

ಅಪ್ಪ ಬಾಳೂರಿನ ಕಡೆಯ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್ ಆಗಿದ್ದರು. ಆಳುಗಳ ಹಾಜರಿ, ಪತ್ರವ್ಯವಹಾರ ಎಲ್ಲ ಅವರದೇ. ಎರಡು ಸಾವಿರದ ಇಸವಿ ಕಳೆದ ಹೊಸತು, ಕಾಫಿ ರೇಟು ನೆಲಕಚ್ಚಿತ್ತು. ನಾನು ಮೂಡಿಗೆರೆಯಲ್ಲಿ ಎರಡನೇ ಪಿಯುಸಿ ಓದುತ್ತಿದ್ದೆ. ನಮ್ಮ ಇಂಗ್ಲಿಷ್ ಮೇಡಂ ಹಟ ಹಿಡಿದು ಅಮೆರಿಕದ ಒಂದು ಸಣ್ಣ ಕಾಲೇಜಿಗೆ ನನ್ನಿಂದ ಅರ್ಜಿ ಹಾಕಿಸಿದ್ದರು. ಬಡ ಮಕ್ಕಳ ಫೀಸು, ಊಟ, ಹಾಸ್ಟೆಲ್ ಎಲ್ಲ ಅಲ್ಲಿ ಕಾಲೇಜೇ ನೋಡಿಕೊಳ್ಳುತ್ತದೆ ಎಂದರು. ನಂಬಿದೆ.

ಸೀಟು ಸಿಗುತ್ತದೋ ಇಲ್ಲವೋ ತಿಳಿಯುವ ಮೊದಲೇ ಅಲ್ಲಿಂದ ದಪ್ಪ ಲಕೋಟೆ ಬಂತು. ಸಹಾಯ ಬೇಕಾದರೆ ಮನೆಯ ಆದಾಯ ತಿಳಿಸಿ, ತಂದೆಯ ಮಾಲೀಕರಿಂದ ಸಂಬಳದ ಸರ್ಟಿಫಿಕೇಟು ಕಳಿಸಿ ಎಂದಿತ್ತು. ಕಾರು ಎಷ್ಟು, ಎರಡನೇ ಮನೆಯ ಬೆಲೆ ಎಷ್ಟು ಎಂಬ ಕಾಲಂಗಳೂ ಇದ್ದವು. ನಾವಿದ್ದದ್ದು ಎಸ್ಟೇಟಿನವರು ಕೊಟ್ಟ ಎರಡು ಕೋಣೆಯ ಕ್ವಾರ್ಟರ್ಸಿನಲ್ಲಿ. ಸೊನ್ನೆ ಬರೆದೂ ಬರೆದೂ ನನಗೆ ರೇಗಿತು.

ಅಪ್ಪ ಮೂರು ಸಲ ಎಸ್ಟೇಟಿನ ಮಾಲೀಕರಾದ ಸಾಹುಕಾರರ ಬಂಗಲೆಗೆ ಹೋಗಿ ನಿಂತರು. ಕಾಫಿ ಹೂ ಅರಳಿಸುವ ಹೂಮಳೆ ಬಿದ್ದಿಲ್ಲ, ಅವರ ಮನಸ್ಸು ಸರಿಯಿಲ್ಲ ಎಂದು ಎರಡು ಸಲ ಬರಿಗೈಯಲ್ಲಿ ಬಂದರು. ಮೂರನೇ ಸಲ ತಂದ ಸರ್ಟಿಫಿಕೇಟಿನಲ್ಲಿ ಅಪ್ಪನ ಸಂಬಳ ನಿಜದ ಮೂರು ಪಟ್ಟು ಇತ್ತು. ನಮ್ಮ ರೈಟರಿಗೆ ಇಷ್ಟೇ ಕೊಡುವುದೆಂದು ಹೊರದೇಶದವರಿಗೆ ತಿಳಿದರೆ ಎಸ್ಟೇಟಿನ ಮರ್ಯಾದೆ ಏನಾಗಬೇಕು ಎಂದರಂತೆ ಸಾಹುಕಾರರು. ಅವರು ಹೇಳಿದ್ದನ್ನು ಅಪ್ಪ ಆಫೀಸಿನ ಟೈಪ್‌ರೈಟರಿನಲ್ಲಿ ತಾವೇ ಟೈಪು ಮಾಡಿದ್ದರು. ಒಂದು ಅಕ್ಷರವೂ ತಪ್ಪಿರಲಿಲ್ಲ.

"ಸುಮ್ನೆ ಟೈಪ್ ಮಾಡ್ಕೊಂಡು ಬಂದ್ರಾ?" ಎಂದು ಕೇಳಿದೆ.

"ದೊಡ್ಡೋರ ಹತ್ರ ಹೆಂಗೆ ಹೇಳೋದು ಮಗಾ" ಎಂದರು.

ಮಾರನೇ ದಿನ ನಾನೇ ಬಂಗಲೆಗೆ ಹೋದೆ. ವರಾಂಡದಲ್ಲಿ ಪೇಪರ್ ಓದುತ್ತಿದ್ದ ಸಾಹುಕಾರರು ಕೂರು ಎನ್ನಲಿಲ್ಲ. ಸರಿಯಾದ ಸಂಬಳ ಬರೆದುಕೊಡಿ, ಇಲ್ಲದಿದ್ದರೆ ನನಗೆ ಸಹಾಯ ಸಿಗುವುದಿಲ್ಲ ಎಂದೆ.

"ಅಪ್ಪನ ಸಂಬಳ ಕಡ್ಮೆ ಅಂತ ಹೇಳ್ಕೊಂಡು ತಿರುಗಕ್ಕೆ ನಿಂಗೆ ನಾಚ್ಕೆ ಆಗಲ್ವಾ?" ಎಂದರು.

"ಕೊಡೋರಿಗೆ ಆಗ್ಬೇಕು ಸಾರ್, ನಂಗ್ಯಾಕೆ?"

ಅವರು ಪೇಪರ್ ಮಡಿಸಿಟ್ಟು ಒಳಗೆ ಹೋದರು. ಆಮೇಲೆ ಅಪ್ಪನನ್ನು ಕರೆಸಿ, ಮಗಳಿಗೆ ಮಾತಾಡುವುದು ಕಲಿಸು ಎಂದರಂತೆ. ಸಾಹುಕಾರರಿಗೆ ಹೇಳಲಾಗದ್ದನ್ನೆಲ್ಲ ಅಪ್ಪ ಅಂದು ನನಗೆ ಬೈದು ತೀರಿಸಿಕೊಂಡರು.

ಸರ್ಟಿಫಿಕೇಟಿನ ಜೊತೆಗೆ, ಇದು ಸುಳ್ಳು ಎಂದು ನಾನೇ ಒಂದು ಪತ್ರ ಬರೆದು, ಅಪ್ಪನ ಪಾಸ್‌ಬುಕ್ಕಿನ ಜೆರಾಕ್ಸ್ ಸೇರಿಸಿ ಬಣಕಲ್‌ನಿಂದ ರಿಜಿಸ್ಟರ್ ಪೋಸ್ಟ್ ಮಾಡಿದೆ. ಕೆಲವು ವಾರಗಳ ಮೇಲೆ ಉತ್ತರ ಬಂತು. ಕಾಗದಗಳು ತಾಳೆಯಾಗುತ್ತಿಲ್ಲ, ಯಾವುದು ಸರಿ ಎಂದು ಮಾಲೀಕರೇ ಬರೆದುಕೊಡಲಿ ಎಂದಿತ್ತು. ನನ್ನ ಮಾತಿಗೂ ಬೆಲೆಯಿಲ್ಲ, ಪಾಸ್‌ಬುಕ್ಕಿಗೂ ಬೆಲೆಯಿಲ್ಲ. ಸುಳ್ಳು ಹೇಳಿದವರ ಸಹಿಯೇ ಬೇಕು. ಮೇಡಂ ಫ್ಯಾಕ್ಸ್ ಮಾಡಿ ವಿವರಿಸಿದರು. ಅದಕ್ಕೆ ಉತ್ತರವೇ ಬರಲಿಲ್ಲ.

ಏಪ್ರಿಲ್‌ನಲ್ಲಿ ಕೊನೆಯ ಪತ್ರ ಬಂತು. ಮೊದಲ ಸಾಲಿನಲ್ಲಿ ಅಭಿನಂದನೆ, ಸೀಟು ಸಿಕ್ಕಿದೆ. ಎರಡನೇ ಪ್ಯಾರಾದಲ್ಲಿ, ಸಹಾಯ ಕೊಡಲಾಗದು. ಅಪ್ಪ ಮೊದಲ ಸಾಲು ಓದಿದವರೇ ಎದ್ದುಹೋಗಿ ಆಳುಗಳ ಮನೆಸಾಲಿನ ಲೈನಿನವರಿಗೆಲ್ಲ ಹೇಳಿಬಂದರು. ಸಂಜೆ ಖುಷಿಯಿಂದ ಮನೆಗೆ ಬಂದ ಒಬ್ಬೊಬ್ಬರಿಗೂ ನಾನು ಹೋಗುತ್ತಿಲ್ಲ ಎಂದು ನಾನೇ ಹೇಳಬೇಕಾಯಿತು. ಅಪ್ಪ ಹಿತ್ತಿಲಲ್ಲಿ ಸೌದೆ ಸೀಳುತ್ತಿದ್ದರು.

ಲಕೋಟೆಯಲ್ಲಿ ಒಂದು ಕಾರ್ಡೂ ಇತ್ತು. ಬರುತ್ತೀರೋ ಇಲ್ಲವೋ ಗುರುತು ಹಾಕಿ, ಬಾರದಿದ್ದರೆ ಕಾರಣ ತಿಳಿಸಿ ಕಳಿಸಬೇಕಂತೆ. ಸ್ಟಾಂಪು ಬೇಕಿಲ್ಲ ಎಂದು ಅದರ ಮೇಲೆ ಅಚ್ಚು ಹಾಕಿದ್ದರು, ಆದರೆ ಅದು ಅವರ ದೇಶದೊಳಗೆ ಮಾತ್ರ. ಬರುವುದಿಲ್ಲ ಎನ್ನುವುದಕ್ಕೂ ನಾನೇ ದುಡ್ಡು ಕೊಡಬೇಕಿತ್ತು. ಕಾರ್ಡನ್ನು ಒಲೆಗೆ ಹಾಕಿದೆ.

ಆ ವರ್ಷ ಚಿಕ್ಕಮಗಳೂರಿನಲ್ಲಿ ಬಿಎಸ್ಸಿಗೆ ಸೇರಿದೆ. ಓದು ಚೆನ್ನಾಗಿಯೇ ಆಯಿತು, ಮುಂದೆ ಕೆಲಸವೂ ಸಿಕ್ಕಿತು. ಸಾಹುಕಾರರ ಮೇಲಿನ ಸಿಟ್ಟು ಈಗಲೂ ಹಾಗೆಯೇ ಇದೆ, ಅದರ ಬಗ್ಗೆ ನನಗೆ ಬೇಸರವಿಲ್ಲ. ಅಪ್ಪನ ಮೇಲಿನದು ಅಷ್ಟು ಸುಲಭದ್ದಲ್ಲ. ಆ ವರ್ಷದ ಮಳೆಗಾಲ ಪೂರ್ತಿ ಅವರ ಜೊತೆ ಮಾತಾಡಲಿಲ್ಲ. ದಸರಾ ರಜೆಗೆ ಊರಿಗೆ ಬಂದಾಗ ಬಣಕಲ್‌ನಲ್ಲಿ ಬಸ್ಸು ನಿಲ್ಲುವಲ್ಲಿ ಕಾದು ನಿಂತಿದ್ದರು. ಬ್ಯಾಗಿಗೆ ಕೈಚಾಚಿದರು. ಕೊಟ್ಟೆ, ಅಷ್ಟೆ.