ಕೇಳದೆ ಬದಲಾದ ಫೋನು

ಸಿಂಧನೂರಿನ ನಮ್ಮ ಓಣಿಗೆ ಬರುತ್ತಿದ್ದ ಬಳೆಗಾರ್ತಿ ಕೇಳದೆ ಯಾರ ಕೈಯನ್ನೂ ಮುಟ್ಟಿದವಳಲ್ಲ. ಬುಟ್ಟಿ ಇಳಿಸಿ, ಸೆರಗಿಗೆ ಅಂಗೈ ಒರೆಸಿಕೊಂಡು, “ಹಿಡೀಲೇನವ್ವಾ?” ಅನ್ನುವಳು. ಹ್ಞೂಂ ಅಂದ ಮೇಲೆಯೇ ಬೆರಳು ಮಡಚಿಸಿ ಬಳೆ ಏರಿಸುವಳು.

ಮಸ್ಕಿಯಲ್ಲಿದ್ದ ಅವಳ ಮಗಳಿಗೆ ದಿನ ತುಂಬಿತ್ತು. ಒಂದು ಬೆಳಗ್ಗೆ ನಮ್ಮ ಕಟ್ಟೆಯ ಮೇಲೆ ಕೂತಿದ್ದಾಗ ಮಗಳ ಫೋನು ಬಂತು. ಹಿಂದಿನ ದಿನವಷ್ಟೇ ಅಪ್‌ಡೇಟ್ ಆಗಿದ್ದ ಮೊಬೈಲಿನಲ್ಲಿ ಕರೆ ಎತ್ತುವ ರೀತಿಯೇ ಬದಲಾಗಿತ್ತು. ರೂಢಿಯಂತೆ ಮೇಲಕ್ಕೆ ಎಳೆದೇ ಎಳೆದಳು. ಅದು ಬಡಿದುಕೊಂಡು ಬಡಿದುಕೊಂಡು ಸುಮ್ಮನಾಯಿತು. ನಾನು ತಿರುಗಿ ಹಚ್ಚಿಕೊಟ್ಟೆ.

“ಯಾಕ ಎತ್ತವಲ್ಲಿ ಅವ್ವಾ? ಬ್ಯಾನಿ ಸುರುವಾಗ್ಯಾವ,” ಎಂದು ಮಗಳು ಅತ್ತಳು.

ಮೊಮ್ಮಗಳನ್ನು ನೋಡಿ ಬಂದವಳೇ ನನ್ನನ್ನು ಕರೆದುಕೊಂಡು ಮೊಬೈಲ್ ಅಂಗಡಿಗೆ ನಡೆದಳು.

“ನನ್ನ ಫೋನ್ ಬದಲು ಮಾಡಾಕ ಯಾರು ಹುಕುಂ ಕೊಟ್ಟಾರ?”

“ಅದು ತಾನೇ ಆಗ್ತದವ್ವಾ. ಬ್ಯಾಡಾದ್ರ ಈ ಇನ್ನೊಂದು ಕಂಪನಿದು ತಗೋ.”

“ಇದು ನನ್ನ ಕೇಳಿ ಬದಲಾಗ್ತದೇನು?”

ಅಂಗಡಿಯವ ನಕ್ಕ. “ಎರಡೂ ಅಷ್ಟೇ.”

“ನಗಬ್ಯಾಡ. ಹಡಿಯಾಕಿ ಕರದಾಳ, ಅವ್ವ ಎತ್ತಿಲ್ಲ.”

ಹಳೆ ರೀತಿಗೆ ಮಾಡಿಕೊಡಲು ಅವನು ಫೋನಿಗೆ ಕೈ ಚಾಚಿದ. ಅವಳು ಅದನ್ನು ಎದೆಗೆ ಒತ್ತಿಕೊಂಡು ಅವನ ಮುಖವನ್ನೇ ನೋಡುತ್ತ ನಿಂತಳು. ಅವನು ಕೈ ಹಿಂದೆಗೆದುಕೊಂಡ.

“ತಗೊಳ್ಳಲೇನವ್ವಾ?”

ಆಗ ಕೊಟ್ಟಳು.