ಶುಕ್ರವಾರ ಕೊಡದ ಕಂಪ್ಯೂಟರ್

ನಿಮ್ಮಲ್ಲಿ ಹಿರಿಯವಳು ಹೊಟ್ಟೆಯಲ್ಲಿದ್ದಾಗ ನಿಮ್ಮ ತಾಯಿ, ನನ್ನ ಮಗಳು, ಮೂರು ತಿಂಗಳು ವಾಡಿಯ ನಮ್ಮ ಮನೆಯಲ್ಲಿ ಮಲಗಿಯೇ ಇದ್ದಳು. ಅದಕ್ಕೆ ಮೊದಲು ಒಂದು ಬಸಿರು ನಿಂತಿರಲಿಲ್ಲ. ಈ ಸಲ ಪಾಯಖಾನೆಗೆ ಹೋಗುವುದನ್ನು ಬಿಟ್ಟರೆ ಮಂಚದಿಂದ ಇಳಿಯಕೂಡದು ಎಂದು ಕಲಬುರಗಿಯ ಡಾಕ್ಟರಮ್ಮ ಹೇಳಿ ಕಳಿಸಿದ್ದರು. ತಿಂಗಳು ತುಂಬಲಿ, ಆಮೇಲೆ ಬೇಕಾದರೆ ಕುಣಿಯಲಿ ಎಂದಿದ್ದರು. ನಿಮ್ಮ ತಾಯಿ ಕುಣಿಯುವವಳಲ್ಲ. ಸುಮ್ಮನೆ ಮಲಗುವವಳೂ ಅಲ್ಲ. ನಾನು ಒಳಗೆ ಹೋಗಿ ನಾಲ್ಕು ರೊಟ್ಟಿ ಬಡಿಯುವಷ್ಟರಲ್ಲಿ ಎದ್ದು ನೆಲದ ಫರಸಿ ಒರೆಸುತ್ತಿದ್ದಳು.

ಅವಳನ್ನು ಮಲಗಿಸಿಡುವ ಕೆಲಸ ನನ್ನ ಪಾಲಿಗೆ ಬಂತು. ನನಗೆ ಗದರಿಸಲು ಬರುವುದಿಲ್ಲ. ಭಂಕೂರಿನ ಶಾಲೆಯಲ್ಲಿ ಏಳನೆಯ ಇಯತ್ತೆವರೆಗೆ ಓದಿದೆ. ಅಷ್ಟು ವರ್ಷವೂ ಹಾಜರಿ ಕೂಗಿದಾಗ ಪಕ್ಕದ ಹುಡುಗಿ ನನ್ನ ಪರವಾಗಿ "ಬಂದಾಳ್ರೀ" ಎನ್ನುತ್ತಿದ್ದಳು. ನನ್ನಿಂದ ಆಗದ ಕೆಲಸವನ್ನು ಜಪಾನಿನ ಒಂದು ಸೀರಿಯಲ್ಲು ಮಾಡಿತು.

ನಿಮ್ಮ ತಂದೆ ಆಗ ಆದಿತ್ಯನಗರದ ಸಿಮೆಂಟ್ ಕಾರ್ಖಾನೆಯಲ್ಲಿದ್ದರು. ಕ್ವಾರ್ಟರ್ಸಿನಲ್ಲಿದ್ದ ಕಂಪ್ಯೂಟರನ್ನು ಚಾದರದಲ್ಲಿ ಸುತ್ತಿ ತಂದು ಮಂಚದ ಕಾಲಕಡೆ ಟೇಬಲ್ಲಿನ ಮೇಲಿಟ್ಟರು. ಫೋನಿನ ತಂತಿಗೆ ಇಂಟರ್ನೆಟ್ ಹಾಕಿಸಿಕೊಟ್ಟರು. ಮೊಬೈಲಿನಲ್ಲಿ ಸೀರಿಯಲ್ಲು ನೋಡುವ ಕಾಲ ಇನ್ನೂ ಬಂದಿರಲಿಲ್ಲ. ಮಲಗಿದವಳ ಕೈ ಮೌಸಿಗೆ ಮುಟ್ಟುತ್ತಿರಲಿಲ್ಲವಾದ್ದರಿಂದ ಅವಳು ಹೇಳಬೇಕು, ನಾನು ಒತ್ತಬೇಕು.

ಕಾಲೇಜಿನ ಹಾಸ್ಟೆಲ್ಲಿನಲ್ಲಿ ಗೆಳತಿಯೊಬ್ಬಳ ಸಿ.ಡಿ.ಯಿಂದ ಅವಳು ಆ ಸೀರಿಯಲ್ಲಿನ ಮೊದಲ ಎರಡು ಕಂತು ನೋಡಿದ್ದಳಂತೆ. ಮುಂದಿನ ಕಂತುಗಳನ್ನು ಹುಡುಕುವುದಕ್ಕೆ ಒಂದು ಸಾಫ್ಟ್‌ವೇರ್ ಇತ್ತು. ಅದು ಅಂಗಡಿಯಿಂದ ತರುವಂಥದ್ದಲ್ಲ. ಯಾರದೋ ಮನೆಯ ಕಂಪ್ಯೂಟರಿನಲ್ಲಿ ಆ ಕಂತು ಇರುತ್ತದೆ. ಅವರ ಕಂಪ್ಯೂಟರ್ ಚಾಲೂ ಇದ್ದಾಗ ನಮಗೆ ಒಂದು ಚೂರು ಬರುತ್ತದೆ, ಇನ್ನೊಬ್ಬರ ಮನೆಯಿಂದ ಇನ್ನೊಂದು ಚೂರು. ಬಂದ ಚೂರನ್ನು ನಮ್ಮ ಕಂಪ್ಯೂಟರ್ ಮತ್ತೊಬ್ಬರಿಗೆ ಕೊಡುತ್ತಿರುತ್ತದೆ.

"ಹೆಪ್ಪಿನಂಗ" ಎಂದೆ. ನಮ್ಮ ಓಣಿಯಲ್ಲಿ ಹಾಲಿಗೆ ಹಾಕುವ ಒಂದು ಚಮಚ ಮೊಸರು ಹೀಗೆಯೇ ಮನೆಯಿಂದ ಮನೆಗೆ ತಿರುಗುತ್ತದೆ.

"ಹ್ಞೂಂ, ಹೆಪ್ಪಿನಂಗ."

"ಕದ್ದಂಗ ಆಗಂಗಿಲ್ಲೇನವ್ವಾ?" ಎಂದು ಕೇಳಿದೆ.

"ಮಾರ್ತಿದ್ರ ರೊಕ್ಕ ಕೊಟ್ಟು ತರ್ತಿದ್ದೆ. ಕಲಬುರಗ್ಯಾಗ ಯಾವ ಅಂಗಡ್ಯಾಗ ಸಿಗ್ತದ ಕೇಳ್ಕೊಂಡ್ ಬಾ ಹೋಗು" ಎಂದಳು. ನಾನು ಅಂಗಡಿಯಲ್ಲಿ ಕೇಳುವವಳಲ್ಲ ಎಂಬುದು ಅವಳಿಗೆ ಗೊತ್ತಿತ್ತು.

ಹೆಸರು ಒಂದಿದ್ದು ಒಳಗೆ ಬೇರೆಯದೇ ಇರುವುದೂ ಉಂಟು. ಎರಡು ದಿನ ಕಾದು ಇಳಿಸಿಕೊಂಡ ಕಂತು ತೆರೆದರೆ ಒಬ್ಬ ಮನುಷ್ಯ ಮೀನು ಕೊಯ್ಯುವುದನ್ನು ಕಲಿಸುತ್ತಿದ್ದ. ನಮ್ಮ ಮನೆಯಲ್ಲಿ ಮೀನು ತಿನ್ನುವುದಿಲ್ಲ. ಬಂದದ್ದನ್ನು ಬಿಡುವುದೇಕೆಂದು ಪೂರಾ ನೋಡಿದೆವು. ಚೆನ್ನಾಗಿ ಕೊಯ್ಯುತ್ತಾನೆ.

ಸೀರಿಯಲ್ಲಿನಲ್ಲಿ ಸಮುದ್ರದ ದಂಡೆಯ ಒಂದು ಸಣ್ಣ ಸ್ಟೇಷನ್ನು. ಅಲ್ಲಿ ಪ್ರಯಾಣಿಕರು ಮರೆತುಹೋದ ಸಾಮಾನು ಇಡುವ ಕೋಣೆ, ಅದನ್ನು ನೋಡಿಕೊಳ್ಳುವ ನಡುವಯಸ್ಸಿನ ಹೆಂಗಸು. ಕಂತಿಗೊಬ್ಬರು ಬಂದು ಕೊಡೆಯನ್ನೋ ಚೀಲವನ್ನೋ ಬಿಡಿಸಿಕೊಂಡು ಹೋಗುತ್ತಾರೆ. ನೀಲಿ ಬಟ್ಟೆಯಲ್ಲಿ ಕಟ್ಟಿದ ಒಂದು ಗಂಟು ಮಾತ್ರ ಮೊದಲ ಕಂತಿನಿಂದ ಕಪಾಟಿನ ಮೇಲೆಯೇ ಇದೆ, ಅದಕ್ಕೆ ಯಾರೂ ಬರುವುದಿಲ್ಲ. ನಿಮ್ಮ ಮುತ್ಯಾ, ನನ್ನ ಯಜಮಾನರು, ವಾಡಿ ಸ್ಟೇಷನ್ನಿನ ಪಾರ್ಸೆಲ್ ಆಫೀಸಿನಲ್ಲಿದ್ದವರು. ವಾರಸುದಾರರಿಲ್ಲದ ಗಂಟುಗಳ ಮಾತು ನಮ್ಮ ಮನೆಯಲ್ಲಿ ಊಟದ ಹೊತ್ತಿಗೆ ಬರುತ್ತಿತ್ತು. ಹಾಗಾಗಿ ನನಗೆ ಆ ಹೆಂಗಸಿನ ಕೆಲಸ ಹೊಸದೆನಿಸಲಿಲ್ಲ. ಕೆಳಗೆ ಬರುವ ಇಂಗ್ಲಿಷ್ ಸಾಲುಗಳನ್ನು ನಿಮ್ಮ ತಾಯಿ ಓದಿ ಕನ್ನಡದಲ್ಲಿ ಹೇಳುತ್ತಿದ್ದಳು. ಹೇಳುವಾಗ ಎಡ ಮಗ್ಗುಲಿಗೆ ಮಲಗಿರುತ್ತಿದ್ದಳು. ನನಗೆ ಬೇಕಾದದ್ದು ಅದೇ.

ಕಡೆಯ ಕಂತು ಮಾತ್ರ ಬರಲಿಲ್ಲ. ಅದನ್ನು ಪೂರಾ ಇಟ್ಟುಕೊಂಡವರು ಒಬ್ಬರೇ, ಅವರ ಬಾಗಿಲಲ್ಲಿ ಉದ್ದನೆಯ ಪಾಳಿ. ನಮ್ಮ ಪಾಳಿ ಮುಂದೆ ಬರುವ ಬದಲು ಹಿಂದೆ ಹೋಗುತ್ತಿತ್ತು. ವಾರ ಕಳೆಯಿತು. ಒಂದು ಮುಂಜಾನೆ "ಇವತ್ತೂ ಬರಂಗಿಲ್ಲೇಳು, ಆ ಟ್ರಂಕರೆ ಹಚ್ಚಿಡ್ತೀನಿ" ಎಂದು ಎದ್ದು ಬಟ್ಟೆ ಜೋಡಿಸಲು ಟ್ರಂಕು ಎಳೆದಳು. ಮಧ್ಯಾಹ್ನ ಸೀರೆಗೆ ರಕ್ತ ಕಂಡಿತು. ಗಾಡಿ ಮಾಡಿಕೊಂಡು ಕಲಬುರಗಿಗೆ ಹೋದೆವು. ಕೂಸಿಗೆ ಏನೂ ಆಗಿರಲಿಲ್ಲ. ಡಾಕ್ಟರಮ್ಮ ಅವಳಿಗೆ ಏನೂ ಅನ್ನದೆ ನನ್ನ ಕಡೆ ತಿರುಗಿ, "ಇನ್ನೊಮ್ಮೆ ಎದ್ರ ಉಳಸೂದು ನನ್ನ ಕೈಯಾಗಿಲ್ಲ, ನಿಮ್ಮ ಕೈಯಾಗದ" ಎಂದರು. ನನ್ನ ಕೈಯಲ್ಲಿ ಮೌಸು ಇತ್ತು, ಅಷ್ಟೇ.

ಮುಂದಿನ ಶುಕ್ರವಾರ ಎದುರು ಮನೆಯ ಆಪಾ ಬಂದರು. ಬಟ್ಟೆ ಹೊಲಿಯುವವರು, ನನಗಿಂತ ಸ್ವಲ್ಪ ದೊಡ್ಡವರು, ಅವರ ಉರ್ದುವಿನಲ್ಲಿ ಆಪಾ ಎಂದರೆ ಅಕ್ಕ, ಆದರೂ ನನ್ನನ್ನು ಅಕ್ಕಾ ಎನ್ನುತ್ತಾರೆ. ಕೈಯಲ್ಲಿ ಬಟ್ಟಲಿತ್ತು.

"ಆಪಾ, ಇವತ್ತು ಶುಕ್ರಾರ" ಎಂದೆ. ದೀಪ ಹಚ್ಚಿದ ಮೇಲೆ ಹಾಲು, ಮೊಸರು, ಹೆಪ್ಪು ನಾವು ಹೊರಗೆ ಕೊಡುವುದಿಲ್ಲ. ಶುಕ್ರವಾರ ದಿನವಿಡೀ ಇಲ್ಲ. ಲಕ್ಷ್ಮಿ ಅವುಗಳ ಹಿಂದೆಯೇ ಹೊರಟು ಹೋಗುತ್ತಾಳೆ ಎಂದು ನಾನು ಸೊಸೆಯಾಗಿ ಬಂದ ಹೊಸದರಲ್ಲೇ ನಮ್ಮತ್ತೆ ಹೇಳಿಕೊಟ್ಟಿದ್ದರು.

"ಶುಕ್ರಾರ ಅಂತ ನನಗ ಗೊತ್ತದ ಅಕ್ಕಾ. ನಮ್ಮನಿ ಬೆಕ್ಕಿಗಿ ಗೊತ್ತಿಲ್ಲ. ಮೊಸರಿನ ಗಡಗಿ ನೆಕ್ಕಿ ಹೋಗ್ಯಾದ. ಒಂದ್ ಒಣಾ ಮೆಣಸಿನಕಾಯಿ ಇಟ್ಟು ಕೊಡ್ರಿ."

ಅಡಚಣೆ ಬಂದಾಗ ಹಾಗೆ ಕೊಡಬಹುದು. ಮೆಣಸಿನಕಾಯಿ ಇದ್ದರೆ ಲಕ್ಷ್ಮಿ ಹೊಸ್ತಿಲು ದಾಟುವುದಿಲ್ಲ. ಇಟ್ಟು ಕೊಟ್ಟೆ. ಆಪಾ ಬಟ್ಟಲು ಹಿಡಿದು ಕಂಪ್ಯೂಟರಿನ ಕಡೆ ನೋಡಿದರು.

"ಇದರಾಗ ಏನ್ ಬರ್ಲಿಕತ್ತದ ಬೇಟಿ?"

"ಏನೂ ಬರ್ಲಿಕತ್ತಿಲ್ಲ ಆಪಾ" ಎಂದಳು ನಿಮ್ಮ ತಾಯಿ. "ನಾವು ಎಷ್ಟ್ ಕೊಡ್ತೀವೋ ಅಷ್ಟ್ ನಮ್ ಪಾಳಿ ಮುಂದ ಬರಬೇಕು. ಹಗಲೂ ರಾತ್ರಿ ಕೊಡ್ಲಿಕತ್ತೀವಿ, ಹಿಂದ ಹೋಗ್ಲಿಕತ್ತದ."

"ನಿಮ್ಮವ್ವನ ಕೈಯಾಗ ಅದ ಅಲ್ಲಾ? ಕಂಪ್ಯೂಟರಿಗೂ ಶುಕ್ರಾರ ಕೊಡಬ್ಯಾಡ ಅಂದಿರಬೇಕು" ಎಂದು ಆಪಾ ನಕ್ಕರು.

"ಹೌದು" ಎಂದೆ. "ದೀಪ ಹಚ್ಚಿದ ಮ್ಯಾಲೂ ಕಡಿಮಿ ಮಾಡಿಡ್ತೀನಿ."

ಆಪಾ ನಗುವುದನ್ನು ನಿಲ್ಲಿಸಿದರು. ಇಂಟರ್ನೆಟ್ ನಿಧಾನವಾದರೆ ಕೊಡುವ ವೇಗ ಎಲ್ಲಿ ಕಡಿಮೆ ಮಾಡಬೇಕೆಂದು ನಿಮ್ಮ ತಂದೆ ನನಗೆ ತೋರಿಸಿ ಹೋಗಿದ್ದರು. ದಿನಾ ದೀಪ ಹಚ್ಚುವ ಮೊದಲು ಅಲ್ಲಿ ಎಲ್ಲಕ್ಕಿಂತ ಸಣ್ಣ ಅಂಕಿ ಬರೆಯುತ್ತಿದ್ದೆ, ಬೆಳಗ್ಗೆ ಸ್ನಾನವಾದ ಮೇಲೆ ಮೊದಲಿನಂತೆ ಮಾಡುತ್ತಿದ್ದೆ. ಶುಕ್ರವಾರ ದಿನವಿಡೀ ಅದನ್ನು ಏರಿಸುತ್ತಿರಲಿಲ್ಲ. ಯಾರೂ ಕೇಳಿರಲಿಲ್ಲ, ನಾನು ಹೇಳಿರಲಿಲ್ಲ.

"ಯವ್ವಾ, ಎಂದಿನಿಂದ?"

"ಕಂಪ್ಯೂಟರ್ ಬಂದಾಗಿಂದ."

ಅವಳು ಬೆರಳು ಮಡಚಿ ಹೊತ್ತು ಎಣಿಸಿದಳು. "ನಾವ್ ದೀಪ ಹಚ್ಚೂ ಹೊತ್ತಿಗೇ ಜಪಾನಿನಾಗ ಮಂದಿ ಕೆಲಸ ಮುಗಿಸಿ ಮನಿಗಿ ಬಂದು ಉಂಡು ಕಂಪ್ಯೂಟರ್ ಹಚ್ತಾರ. ಬರೋಬ್ಬರಿ ಆಗ ನೀ ಬಾಗಿಲ ಹಾಕ್ಲಿಕತ್ತಿ."

"ಬಾಗಿಲ ಹಾಕಿಲ್ಲ. ಒಂದೀಟ ಸಂದಿ ಬಿಟ್ಟು ಮುಂದ ಮಾಡೀನಿ."

"ಸೀರಿಯಲ್ ಕೊಟ್ರೂ ನಮ್ದು ನಮ್ಮ ಹತ್ರಾನೇ ಇರ್ತದವ್ವಾ. ಕಡಿಮಿ ಆಗಂಗಿಲ್ಲ."

ಹೆಪ್ಪು ಕೊಟ್ಟರೂ ಮೊಸರು ಕಡಿಮೆಯಾಗುವುದಿಲ್ಲ. ಆದರೂ ಕೊಡುವುದಿಲ್ಲವಲ್ಲ ಎಂದು ಅಂದುಕೊಂಡೆ. ಅವಳು ಮೊಣಕೈ ಊರಿ ಏಳುವುದಕ್ಕೆ ನೋಡುತ್ತಿದ್ದಳು, ತಾನೇ ಅಂಕಿ ಬದಲಿಸಲು.

"ಮಲ್ಕೋ ನೀನು" ಎಂದರು ಆಪಾ. "ಅಕ್ಕಾ, ಇದಕ್ಕೂ ಒಂದ್ ಮೆಣಸಿನಕಾಯಿ ಇಡ್ರಿ. ನನಗ ನಡಿತದಂದ್ರ ಜಪಾನಿನವರಿಗೂ ನಡಿತದ."

ಅದು ನನಗೆ ಸರಿಯೆನಿಸಿತು. ಡಬ್ಬಿಯಿಂದ ಒಂದು ಒಳ್ಳೆಯ ಗುಂಟೂರು ಮೆಣಸಿನಕಾಯಿ ಆರಿಸಿ, ತೊಟ್ಟು ಇದ್ದದ್ದು, ಕಂಪ್ಯೂಟರಿನ ಪೆಟ್ಟಿಗೆಯ ಮೇಲೆ ಇಟ್ಟೆ. ಕುಳಿತು ಕೊಡುವ ವೇಗ ಪೂರಾ ಏರಿಸಿದೆ. ಅಂದಿನಿಂದ ಇಳಿಸಲಿಲ್ಲ. ಮುಂದಿನ ಭಾನುವಾರ ಬಂದ ನಿಮ್ಮ ತಂದೆ ಮೆಣಸಿನಕಾಯಿ ನೋಡಿ, "ಅತ್ತಿ, ಇದೇನ್ರಿ?" ಎಂದರು. "ಅದು ಇಂಟರ್ನೆಟ್ಟಿಂದು, ಮುಟ್ಟಬ್ಯಾಡ್ರಿ" ಎಂದಳು ನಿಮ್ಮ ತಾಯಿ. ಅವರು ಕೈ ಹಿಂದಕ್ಕೆ ತೆಗೆದರು.

ಕರೆಂಟು ಹೋಗಿ ಬಂದು ಮಾಡುತ್ತಿತ್ತಾದರೂ ನಮ್ಮ ಪಾಳಿ ಮುಂದೆ ಸರಿಯಿತು. ಸ್ವಲ್ಪ ದಿನದಲ್ಲಿ ಕಡೆಯ ಕಂತು ಪೂರಾ ಬಂತು. ನಾನು ತೆರೆಯಲು ಹೋದೆ.

"ಬ್ಯಾಡ" ಎಂದಳು. "ಇವತ್ತ ನೋಡಿಬಿಟ್ರ ನಾಳಿಗಿ ನಾ ಎದಕ್ಕ ಮಲಗ್ಲಿ? ದವಾಖಾನಿಗಿ ಹೋಗೂ ಹಿಂದಿನ ದಿನ ನೋಡಮು."

ಹಾಗೆ ಆ ಕಂತನ್ನು ಕಟ್ಟಿದ ಗಂಟಿನಂತೆ ಇಟ್ಟುಕೊಂಡು ಉಳಿದ ದಿನವೆಲ್ಲ ಮಲಗಿದಳು. ಗಂಟಿನೊಳಗೆ ಏನಿದೆ ಎಂದು ನಾವು ಮಾತಾಡಿಕೊಳ್ಳುತ್ತಿದ್ದೆವು. ಹೆಣ್ಣುಮಗಳ ಒಡವೆ ಎಂದು ಅವಳು, ರೊಟ್ಟಿ ಬುತ್ತಿ ಎಂದು ನಾನು. ನಿಮ್ಮ ಮುತ್ಯಾ ಬಿಚ್ಚಿದ ಗಂಟುಗಳಲ್ಲಿ ಹೆಚ್ಚಾಗಿ ಅದೇ ಇರುತ್ತಿತ್ತು. ತಿಂಗಳು ತುಂಬಿತು. ಹಿಂದಿನ ದಿನ ಎಂದುಕೊಂಡ ದಿನಕ್ಕೆ ಕಾಯದೆ ಒಂದು ಮಧ್ಯಾಹ್ನ ನೋವು ಬಂತು. ಗಾಡಿ ಬಾಗಿಲಿಗೆ ಬಂದಿತ್ತು. ನಾನು ಕಂಪ್ಯೂಟರ್ ಬಂದ್ ಮಾಡಲು ಹೋದರೆ ಅವಳು ಗೋಡೆ ಹಿಡಿದು ನಿಂತು, "ಬ್ಯಾಡವ್ವಾ, ಯಾರೋ ನಮ್ಮ ಕಡೀ ಕಂತು ತಗೊಳ್ಲಿಕತ್ತಾರ, ಇನ್ನ ಸ್ವಲ್ಪ ಉಳದದ" ಎಂದಳು. ಮನೆಯ ಕೀಲಿ ಆಪಾ ಕೈಗೆ ಕೊಟ್ಟೆ.

ಹಿರಿಯವಳೇ, ನೀನು ಮರುದಿನ ಮುಂಜಾನೆ ಹುಟ್ಟಿದೆ. ದನಿ ದೊಡ್ಡದಿತ್ತು.

ಮನೆಗೆ ಬಂದ ಮೇಲೆ ಬಾಣಂತಿ ನಲವತ್ತು ದಿನ ಟಿ.ವಿ., ಕಂಪ್ಯೂಟರ್ ನೋಡುವಂತಿಲ್ಲ, ಕಣ್ಣಿಗೆ ಬೇನೆಯಾಗುತ್ತದೆ. ಕಿವಿಗೆ ಅರಿವೆ ಕಟ್ಟಿಕೊಂಡು ಕತ್ತಲೆ ಕೋಣೆಯಲ್ಲಿ ಕುಳಿತವಳು ನನಗೆ, "ನೀ ನೋಡಿ ಹೇಳು" ಎಂದಳು. ನನಗೆ ಇಂಗ್ಲಿಷ್ ಬಾರದು, ಜಪಾನಿನದಂತೂ ಬಾರದು. ಹೊರಗೆ ಒಬ್ಬಳೇ ಕುಳಿತು ನೋಡಿದೆ. ಒಳಗೆ ಬಂದು ಹೇಳಿದೆ.

"ಗಂಟು ಬಿಚ್ಚಿದಳು. ಒಳಗ ಬುತ್ತಿ ಡಬ್ಬಿ, ಖಾಲಿ. ತೊಳದು ಅನ್ನ ತುಂಬಿ ಮತ್ತ ಕಟ್ಟಿಟ್ಟಳು."

"ಅನ್ನ ಎದಕ್ಕ?"

"ಖಾಲಿ ಹೆಂಗ ಕೊಡ್ಬೇಕು?"

"ಯಾರ್ ಬಂದ್ರು?"

"ಒಬ್ಬ ಮುದುಕ. ತಗೊಂಡು ಭಾಳ ಹೊತ್ತು ತಲಿ ಬಗ್ಗಿಸಿ ನಿಂತ."

"ಏನಂದ?"

"ಅಂದ. ನನಗ ತಿಳಿಲಿಲ್ಲ. ಆಮ್ಯಾಲ ರೈಲು ಬಂತು."

ಕಂತು ಅಲ್ಲಿಗೇ ಮುಗಿದಿತ್ತು.

"ಇಷ್ಟಕ್ಕ ನಾ ಮೂರು ತಿಂಗಳು ಮಲಗಿದ್ನೇನವ್ವಾ?"

ನೀನು ಅವಳ ಎಡ ಮಗ್ಗುಲಿಗೆ ಮಲಗಿದ್ದೆ. ಅರಿವೆ ಜಾರಿತ್ತು, ಸರಿಮಾಡಿ ಹೊದಿಸಿದೆ. ದೀಪ ಹಚ್ಚುವ ಹೊತ್ತಾಗಿತ್ತು. ಹೊರಗೆ ಕಂಪ್ಯೂಟರ್ ಚಾಲೂ ಇತ್ತು, ಮೆಣಸಿನಕಾಯಿ ಹಳೆಯದಾಗಿತ್ತು. ಬದಲಿಸಲು ಎದ್ದೆ.